ಹರಿದ ಕೊನೆಯ ಹಾಳೆ

ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ ಮಾನಸ ಬಾಗಿಲು ತಳ್ಳಿದಳು. ತೆರೆಯಲಿಲ್ಲ. ಯಾರೋ ಹೊರಗಿನಿಂದ ಚಿಲಕ ಹಾಕಿದ್ದರು.

ಆಗ ಗಂಟೆ ಹತ್ತೂವರೆ. ಹನ್ನೊಂದಕ್ಕೆ ವಕ್ಕಲೇರಿಯಿಂದ ಕೋಲಾರದ ಬಸ್ಸು. ಸರ್ಕಾರಿ ಕೆಲಸಕ್ಕೆ ದಾಖಲೆ ತೋರಿಸಲು ಅಂದೇ ಕೊನೆಯ ದಿನ, ಸಂಜೆ ಐದರವರೆಗೆ. ಫೋನು ಮನೆಯಲ್ಲಿತ್ತು. ತೋಟದ ನಡುವಿನ ಆ ಹುಳುಮನೆಯಿಂದ ಎಷ್ಟು ಕೂಗಿದರೂ ಊರಿಗೆ ಕೇಳುವಂತಿರಲಿಲ್ಲ. ಗೋಡೆಯ ಮೇಲಿನ ಕಿಂಡಿಯಲ್ಲಿ ತೋಳು ಮಾತ್ರ ತೂರುತ್ತಿತ್ತು. ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು ಕಿವಿಗೆ ಅಪ್ಪಳಿಸತೊಡಗಿತು.

ಯಾರಾದರೂ ಬರುವವರೆಗೆ ಓದೋಣವೆಂದು, ಅಲ್ಲಿಟ್ಟಿದ್ದ ಕಾದಂಬರಿ ತೆಗೆದಳು. ಅವಳಿಗೆ ಕೊನೆಯ ಅಧ್ಯಾಯ ಮಾತ್ರ ಉಳಿದಿತ್ತು. ಊರೆಲ್ಲ ಹೊಗಳುತ್ತಿದ್ದ ಪತ್ತೇದಾರಿ ಪುಸ್ತಕ. ಪಕ್ಕದ ಮನೆಯ ನಿವೃತ್ತ ಶಿಕ್ಷಕಿ ಅಶ್ವತ್ಥಮ್ಮ ಕೊಟ್ಟದ್ದು. ಗಂಡ ಉಮಾಶಂಕರ್ ಓದಿ ಮುಗಿಸಿದ್ದ. ಮಾವ ಸುಬ್ಬರಾಯಪ್ಪ ಅರ್ಧಕ್ಕೆ ಬಂದಿದ್ದರು. ಅತ್ತೆ ಶ್ಯಾಮಲಮ್ಮನಿಗೆ ಓದಲು ತೆಲುಗು ಮಾತ್ರ ಬರುತ್ತಿತ್ತು.

ಕಾದಂಬರಿಯ ಕೊನೆಗೆ, ಕೊಲೆಗಾರನೆಂದು ಕಾಂಪೌಂಡರ್‌ನ ಕೈಗೆ ಕೋಳ ಬಿತ್ತು. ಮುಗಿಯಿತು ಅನ್ನುವಷ್ಟರಲ್ಲಿ, ಕೊನೆಯ ಹಾಳೆಯಲ್ಲಿ ಎಲ್ಲಿಂದಲೋ ಬಂದ ಲಾರಿ ಡ್ರೈವರ್ ಒಬ್ಬ ಕೊಲೆ ಒಪ್ಪಿಕೊಂಡ! ಅದುವರೆಗೆ ಅವನ ಹೆಸರೇ ಇರಲಿಲ್ಲ. ಮಾನಸಳ ಮೈ ಉರಿಯಿತು. ಆ ಹಾಳೆಯನ್ನು ಹರಿದು ಮುದ್ದೆ ಮಾಡಿದಳು.

ಹೊರಗೆ ಹೆಜ್ಜೆ ಸದ್ದಾಯಿತು. ಕೂಗುತ್ತ ಪುಸ್ತಕವನ್ನು ಕಿಂಡಿಯಿಂದ ಎಸೆದಳು. ಹೆಜ್ಜೆ ನಿಂತಿತು. ಆಮೇಲೆ ದೂರವಾಯಿತು.

ಎರಡು ಗಂಟೆಗೆ ಬಾಗಿಲು ತೆರೆದವರು ಅಶ್ವತ್ಥಮ್ಮ. ಊರಿನ ಎಷ್ಟೋ ಕಳವುಗಳನ್ನು ಪತ್ತೆಮಾಡಿದ್ದವರು.

"ಹನ್ನೊಂದರ ಬಸ್ಸಲ್ಲಿ ನಾನೇ ಕೋಲಾರಕ್ಕೆ ಹೋಗಿದ್ದೆ. ನೀನು ಹತ್ತಲಿಲ್ಲ. ಮನಸ್ಸು ತಡೀಲಿಲ್ಲ ಕಣೇ, ವಾಪಸು ಬಂದೋಳೇ ಹುಡುಕ್ಕೊಂಡು ಬಂದೆ."

ಮಾನಸ ಎಲ್ಲ ಹೇಳಿದಳು. ಹೊರಗೆ ಪುಸ್ತಕ ಇರಲಿಲ್ಲ.

"ಈ ಹಾಳೆ ವಿಷಯ ಬಾಯಿ ಬಿಡಬೇಡ," ಎಂದು ಅಶ್ವತ್ಥಮ್ಮ ಆ ಮುದ್ದೆಯನ್ನು ಸೆರಗಿಗೆ ಕಟ್ಟಿಕೊಂಡರು.

ಮಾನಸ ಮನೆಗೆ ಬಂದು ಕೋಲಾರಕ್ಕೆ ಹೊರಡಲು ಸಿದ್ಧಳಾಗುವಷ್ಟರಲ್ಲಿ ಮನೆಯವರೆಲ್ಲ ಜಗಲಿಯಲ್ಲಿ ಸೇರಿದರು. ರಾತ್ರಿಪಾಳಿ ಮುಗಿಸಿ ಮಲಗಿದ್ದೆ ಎಂದ ಉಮಾಶಂಕರ್. ಹುಲ್ಲು ಕೊಯ್ಯಲು ಹೋಗಿದ್ದೆ ಎಂದರು ಶ್ಯಾಮಲಮ್ಮ. ಡೈರಿಯ ಹತ್ತಿರ ಕೂತಿದ್ದೆ ಎಂದ ಸುಬ್ಬರಾಯಪ್ಪ, "ಯಾವನೋ ದಾರಿಹೋಕ ಪೋಕ್ರಿ ಮಾಡಿರ್ತಾನೆ ಬಿಡಿ," ಎಂದೂ ಸೇರಿಸಿದರು.

"ಆ ಕಾದಂಬರಿ ಥರಾನೇ," ಎಂದರು ಅಶ್ವತ್ಥಮ್ಮ.

"ದಂಡ ಬುಕ್ಕು ಟೀಚರ್! ಕೊನೇಲಿ ಯಾವನೋ ಲಾರಿ ಡ್ರೈವರ್," ಎಂದ ಉಮಾಶಂಕರ್.

ಸುಬ್ಬರಾಯಪ್ಪ ನಕ್ಕರು. "ಲೇ, ನೀನು ನೆಟ್ಟಗೆ ಓದಿಲ್ಲ ಕಣೋ. ಕೊಂದಿದ್ದು ಕಾಂಪೌಂಡರ್. ಅಲ್ಲಿಗೇ ಮುಗೀತು."

ಅಶ್ವತ್ಥಮ್ಮ ಮುದುಡಿದ ಹಾಳೆಯನ್ನು ಬಿಡಿಸಿದರು.

"ಲಾರಿ ಡ್ರೈವರ್ ಇರೋದು ಇದರಲ್ಲಿ. ಮಾನಸ ಇವತ್ತು ಒಳಗೆ ಕೂತು ಹರಿದಿದ್ದು. ಇದಿಲ್ದೆ ಹೋದ್ರೆ ಕಥೆ ಕಾಂಪೌಂಡರ್‌ಗೇ ಮುಗಿಯುತ್ತೆ. ಅಂದ್ರೆ ಅವಳು ಎಸೆದ ಪುಸ್ತಕಾನ ಎತ್ಕೊಂಡು ಓದಿದೋರು ನೀವು. ದಾರಿಹೋಕ ಆಗಿದ್ರೆ ಕೂಗು ಕೇಳಿ ಬಾಗಿಲು ತೆಗೀತಿದ್ದ. ನೀವು ಕೇಳಿಸ್ಕೊಂಡೂ ಹೊರಟ್ರಿ. ಚಿಲಕ ಹಾಕಿದೋರಿಗೆ ಮಾತ್ರ ಅದು ಸಾಧ್ಯ."

ಸುಬ್ಬರಾಯಪ್ಪನವರ ತಲೆ ತಗ್ಗಿತು. "ಇನ್ನೆರಡು ದಿನಕ್ಕೆ ಹುಳು ಹಣ್ಣಾಗಿ ಗೂಡು ಕಟ್ಟೋಕೆ ಶುರು ಮಾಡ್ತವೆ. ನೀನು ಕೆಲಸಕ್ಕೆ ಅಂತ ಹೊರಟ್ರೆ ನೋಡೋರು ಯಾರಮ್ಮ? ಬಸ್ಸೊಂದು ತಪ್ಪಲಿ ಅಂದ್ಕೊಂಡೆ. ಆಮೇಲೆ ತೆಗೆಯೋಕೆ ಮುಖ ಇರ್ಲಿಲ್ಲ."

"ಅಯ್ಯೋ ದೇವುಡಾ!" ಶ್ಯಾಮಲಮ್ಮ ಎದ್ದು ದಾಖಲೆಗಳ ಫೈಲು ತಂದು ಸೊಸೆಯ ಕೈಗಿಟ್ಟರು. "ಉಮಾ, ಗಾಡಿ ತೆಗಿ. ಸೊಪ್ಪು ಇವತ್ತಿಂದ ಅವರೇ ಹಾಕ್ತಾರೆ."

ನಾಲ್ಕೂಕಾಲಿಗೆ ಕೋಲಾರದ ಕಚೇರಿಯಲ್ಲಿ ಅವಳ ದಾಖಲೆಗಳಿಗೆ ಮೊಹರು ಬಿತ್ತು.

"ಅಪ್ಪನ ಹತ್ರ ಮಾತಾಡ್ತೀಯಾ?" ವಾಪಸು ಬರುವಾಗ ಉಮಾಶಂಕರ್ ಕೇಳಿದ.

"ಇವತ್ತು ಬೇಡ," ಎಂದಳು ಮಾನಸ.