ಉಬ್ಬದ ಹಿಟ್ಟು

ಇಂಪನಾ ಅಳುತ್ತ ಹೋಟೆಲಿನ ಬಾಗಿಲಿಗೆ ಬಂದಾಗ ನಾನು ಮನೆಯಿಂದ ಬಂದ ಉಪ್ಪಿಟ್ಟಿನ ತಟ್ಟೆಯ ಮುಂದೆ ಮುಖ ಊದಿಸಿಕೊಂಡು ಕೂತಿದ್ದೆ. ನೀರುದೋಸೆಗೆ ಆಸೆಪಟ್ಟವನಿಗೆ ಉಪ್ಪಿಟ್ಟು ಬಂದರೆ ಇನ್ನೇನಾಗಬೇಕು? ಮನೆಯಲ್ಲಿ ಹಿಂದಿನ ಸಂಜೆ ರುಬ್ಬಿಟ್ಟ ಹಿಟ್ಟು ಕೈಜಾರಿ ಚೆಲ್ಲಿತೆಂದು ನನ್ನ ತಮ್ಮನ ಮಗಳು ಯಶ್ಮಿತಾ ಹೇಳಿದ್ದಳು. ಅವಳು ನಮ್ಮ ಮನೆಯಲ್ಲೇ ಇದ್ದುಕೊಂಡು ಎಂಜಿನಿಯರಿಂಗ್ ಓದುತ್ತಿದ್ದಳು. ಇಂಪನಾ ಅವಳ ಸಹಪಾಠಿ, ಮೈಸೂರಿನ ಕಡೆಯವಳು.

ಹುಡುಗಿ ಬಂದದ್ದು ನನ್ನ ಹತ್ತಿರವಲ್ಲ ಬಿಡಿ. ಪುಣೆಯ ಯೆರವಡಾದಲ್ಲಿ ಹೋಟೆಲು ನಡೆಸುವವನು ಮೋಹನದಾಸನೆಂಬ ನಾನು, ಜನ ಹುಡುಕಿಕೊಂಡು ಬರುವುದು ಗಲ್ಲಾಪೆಟ್ಟಿಗೆಯ ಮುಂದೆ ಕೂತ ನನ್ನ ಹೆಂಡತಿ ಹರಿಣಾಕ್ಷಿಯನ್ನು. ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತಳಾದವಳು. ಕಳವು, ಮೋಸ ಎಂದು ಯಾರು ಬಂದರೂ ಗಂಟು ಬಿಡಿಸಿ ಕಳಿಸುತ್ತಾಳೆ. ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾದೀತು.

ಸಂಗತಿ ಇಷ್ಟು. ಅವರ ಕಾಲೇಜಿನಲ್ಲಿ ಕೊನೆಯ ವರ್ಷದವರ ಪ್ರಾಜೆಕ್ಟಿಗೆ ಒಂದು ಚಿನ್ನದ ಪದಕ, ಅದೂ ಒಂದೇ ಹೆಸರಿಗೆ. ಇಂಪನಾ ಮಾಡಿದ್ದು ಪುಣೆಯ ಚಳಿಯಲ್ಲೂ ದೋಸೆಹಿಟ್ಟನ್ನು ಬೆಳಗಾಗುವುದರೊಳಗೆ ಹುದುಗಿಸುವ ಬಿಸಿಪಾತ್ರೆ. ಹಿಂದಿನ ಸಂಜೆ ಹಿಟ್ಟು ತುಂಬಿ ಹಾಲ್‌ನಲ್ಲಿಟ್ಟು ಬಂದಿದ್ದಳು. ಬೆಳಿಗ್ಗೆ ತೀರ್ಪುಗಾರರು ಮುಚ್ಚಳ ತೆಗೆದರೆ ಪಾತ್ರೆ ಬೆಚ್ಚಗಿತ್ತು, ಹಿಟ್ಟು ಮಾತ್ರ ಒಂದಿಂಚೂ ಮೇಲೆದ್ದಿರಲಿಲ್ಲ. ಹಾಗಾದರೆ ಇಷ್ಟು ದಿನ ತೋರಿಸಿದ ಫಲಿತಾಂಶವೆಲ್ಲ ಕಟ್ಟುಕತೆ ಎಂದು ಅವರು ತೀರ್ಮಾನಿಸಿದ್ದರು. ಸಂಜೆಯೊಳಗೆ ಬೇರೆಯವರ ಮೋಸವೆಂದು ತೋರಿಸದಿದ್ದರೆ ಪದಕ ಹೋಗುವುದು ಒತ್ತಟ್ಟಿಗಿರಲಿ, ಸುಳ್ಳುಗಾತಿ ಎಂಬ ಹೆಸರು ಅಂಟುತ್ತಿತ್ತು.

"ಆಂಟಿ, ನಾನು ಚೀಟ್ ಮಾಡಿಲ್ಲ," ಎಂದಳು ಇಂಪನಾ. "ಪ್ಲೀಸ್, ನೀವಾದ್ರೂ ನಂಬಿ."

ರಾತ್ರಿ ಬೀಗ ಹಾಕುವವರೆಗೆ ಹಾಲ್‌ನಲ್ಲಿ ಉಳಿದವರು ಇಬ್ಬರೇ: ತಮ್ಮ ತಮ್ಮ ಪ್ರಾಜೆಕ್ಟ್ ಜೋಡಿಸುತ್ತಿದ್ದ ಅವಿನಾಶ್ ಮತ್ತು ನಮ್ಮ ಯಶ್ಮಿತಾ. ಡ್ರೋನ್ ಕಟ್ಟಿದ್ದ ಈ ಅವಿನಾಶ್, ದೋಸೆಹಿಟ್ಟಿನ ಮುಂದೆ ತಾನು ಸೋಲಬೇಕೇ ಎಂದು ಕ್ಯಾಂಟೀನಿನಲ್ಲಿ ಎಲ್ಲರೆದುರು ಕಿಡಿಕಾರಿದ್ದನಂತೆ. ಇನ್ನೇನು ಬೇಕು, ಕಳ್ಳ ಸಿಕ್ಕಿದನೆಂದು ನಾನು ತೀರ್ಪು ಕೊಟ್ಟೆ.

ಹರಿಣಾಕ್ಷಿ ನನ್ನ ಮಾತಿಗೆ ಕಿವಿಗೊಡಲಿಲ್ಲ. ಇಂಪನಾ ಜೊತೆಗೇ ತಂದಿದ್ದ ಪಾತ್ರೆಯ ಹಿಟ್ಟನ್ನು ಬೆರಳಲ್ಲಿ ತಿಕ್ಕಿದಳು. ಅದು ತರಿತರಿಯಾಗಿತ್ತು, ಲೋಳೆಯ ಸುಳಿವಿಲ್ಲ. ಬೆರಳಿಗೆ ಸಣ್ಣ ಬಿಳಿ ನಾರು ಅಂಟಿದ್ದನ್ನು ನನಗೆ ತೋರಿಸಿದಳು. ಆಮೇಲೆ ನನ್ನ ತಟ್ಟೆ ನೋಡಿ ಇವತ್ತೇಕೆ ಉಪ್ಪಿಟ್ಟು ಎಂದು ಕೇಳಿದಳು. ನಾನು ಕಾರಣ ಹೇಳಿದೆ. ಅವಳ ಮುಖ ಕಪ್ಪಿಟ್ಟಿತು.

ಸಂಜೆ ಹರಿಣಾಕ್ಷಿ ಕರೆಸಿದ್ದರಿಂದ ಹೋಟೆಲಿನ ಮಹಡಿಯ ಕೋಣೆಯಲ್ಲಿ ಎಲ್ಲರೂ ಸೇರಿದರು. ತೀರ್ಪುಗಾರರ ಮುಖ್ಯಸ್ಥರು ಪ್ರೊಫೆಸರ್ ಮಾರ್ತಾಂಡ, ಧಾರವಾಡದ ಕಡೆಯವರು. "ಹಿಟ್ಟು ಉಬ್ಬಿಲ್ಲ ಅಂದ ಮ್ಯಾಲೆ ಪಾತ್ರಿ ಕೆಲಸ ಮಾಡಿಲ್ಲ ಅಂತನ ಅಲ್ರಿ?" ಎಂದರು.

"ಉದ್ದು ಇಲ್ಲದ ಹಿಟ್ಟು ಎಷ್ಟು ಬಿಸಿಯಲ್ಲಿಟ್ಟರೂ ಹಾಗೆ ಉಬ್ಬುವುದಿಲ್ಲ ಸರ್," ಎಂದಳು ಹರಿಣಾಕ್ಷಿ. ಇಂಪನಾಳ ಹಿಟ್ಟಿನಲ್ಲಿ ಉದ್ದು, ಮೆಂತ್ಯ ಇತ್ತು. ಪಾತ್ರೆಯಲ್ಲಿ ಸಿಕ್ಕಿದ್ದು ಬರೀ ಅಕ್ಕಿ, ತೆಂಗಿನಕಾಯಿ. ಯಾರೋ ಹಿಟ್ಟನ್ನೇ ಬದಲಿಸಿದ್ದರು. ಅವಿನಾಶನಿಗೆ ಕೆಡಿಸಬೇಕೆಂದಿದ್ದರೆ ಒಂದು ವೈರು ಕಿತ್ತರೆ ಸಾಕಿತ್ತು. ಹಿಟ್ಟು ಕೆಡಿಸಿಯೂ ಯಂತ್ರಕ್ಕೆ ಗೀರು ಬೀಳದಂತೆ ನೋಡಿಕೊಂಡವರಿಗೆ ಆ ಯಂತ್ರದ ಮೇಲೆ ಜೀವ ಎಂದು ವಿವರಿಸಿದಳು.

ಅಕ್ಕಿಗೆ ಕಾಯಿ ಸೇರಿಸಿ ರುಬ್ಬುವುದು ನೀರುದೋಸೆಗೆ. ನಮ್ಮ ಹೋಟೆಲಿನಲ್ಲಿ ಕಾಯಿ ಹಾಕುವುದಿಲ್ಲ, ಮಧ್ಯಾಹ್ನಕ್ಕೆ ಹಳಸುತ್ತದೆ. ಹಾಕುವುದು ಮನೆಯಲ್ಲಿ. ಸಂಜೆಯೇ ಗಟ್ಟಿಯಾಗಿ ರುಬ್ಬಿಟ್ಟು ಬೆಳಿಗ್ಗೆ ನೀರು ಬೆರೆಸುವುದು ನಮ್ಮ ಪದ್ಧತಿ. ಆ ಗಟ್ಟಿ ಹಿಟ್ಟು ನಿನ್ನೆ ನಮ್ಮ ಮನೆಯಿಂದ ಕಾಣೆಯಾಗಿತ್ತು. ಅವಳು ಹೇಳಿ ಮುಗಿಸುವ ಮೊದಲೇ ನಾನು ಯಶ್ಮಿತಾಳ ಕಡೆ ತಿರುಗಿದೆ.

ಯಶ್ಮಿತಾ ತಾನಾಗಿಯೇ ಎದ್ದು ನಿಂತಳು. "ಆ ಪಾತ್ರೆಯ ವೈರಿಂಗ್ ಪೂರ್ತಿ ಮಾಡಿಕೊಟ್ಟದ್ದು ನಾನು ದೊಡ್ಡಮ್ಮ. ಸ್ನೇಹಿತೆ ಅಂತ. ಅವಳು ಎಲ್ಲಿಯೂ ನನ್ನ ಹೆಸರು ಹೇಳಲಿಲ್ಲ. ಇಲ್ಲಿ ನೋಡಿದರೆ ನೀವೂ ಊಟಕ್ಕೆ ಕೂತರೆ ಇಂಪನಾ, ಎದ್ದರೆ ಇಂಪನಾ ಅಂತ ಹೊಗಳುತ್ತಿದ್ದಿರಿ. ನನಗೆ ಸಂಕಟ ತಡೆಯಲಿಕ್ಕೆ ಆಗಲಿಲ್ಲ."

ಹೌದೇ ಎಂದು ಹರಿಣಾಕ್ಷಿ ಇಂಪನಾಳನ್ನು ಕೇಳಿದಳು. ಒಂದೇ ಹೆಸರಿಗೆ ಪದಕವಲ್ಲವೇ, ಹೇಳಲು ಹೆದರಿಕೆಯಾಯಿತು ಎಂದು ಇಂಪನಾ ತಲೆ ತಗ್ಗಿಸಿದಳು. ಮಾರ್ತಾಂಡರು ತೀರ್ಪು ತಿದ್ದಿದರು. ಇಂಪನಾ ಇನ್ನೊಮ್ಮೆ ಪರೀಕ್ಷೆ ಕೊಡಬಹುದು, ಆದರೆ ವೈರಿಂಗ್ ಯಾರದೆಂದು ಎಲ್ಲರೆದುರು ಹೇಳಬೇಕು. ಯಶ್ಮಿತಾಳ ಪ್ರಾಜೆಕ್ಟನ್ನು ಸ್ಪರ್ಧೆಯಿಂದ ತೆಗೆಯುವುದು ಅನಿವಾರ್ಯ ಎಂದರು. ಮರುದಿನ ಹಿಟ್ಟು ಪಾತ್ರೆಯ ಕಂಠದವರೆಗೆ ಉಬ್ಬಿತು. ಇಂಪನಾ ಎಲ್ಲರೆದುರು ಯಶ್ಮಿತಾಳ ಹೆಸರು ಹೇಳಿಯೇ ಪದಕ ತೆಗೆದುಕೊಂಡಳಂತೆ. ನಾವು ಯಾರೂ ಹೋಗಲಿಲ್ಲ.

ಅಂದು ಮನೆಯಲ್ಲಿ ಹರಿಣಾಕ್ಷಿ ಯಶ್ಮಿತಾಳ ಪಕ್ಕದಲ್ಲಿ ಹೋಗಿ ಕೂತಳು. ಊರವರೆಲ್ಲರ ಗುಟ್ಟು ಬಲ್ಲವಳಿಗೆ ಮನೆಯ ಹುಡುಗಿ ವರ್ಷವಿಡೀ ಏನು ಕಟ್ಟುತ್ತಿದ್ದಳೆಂದೇ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

"ನಿನ್ನದು ಎಂತದು ಮಗಾ, ಒಮ್ಮೆ ತೋರಿಸು," ಎಂದಳು.

ಯಶ್ಮಿತಾ ತಲೆಯೆತ್ತಲಿಲ್ಲ. "ಈಗ ನೋಡಿ ಎಂತ ಮಾಡ್ತೀರಿ ದೊಡ್ಡಮ್ಮ?"