ಲಾರ್ಡ್ ಹ್ಯಾವೆನ್‌ಬ್ರೂಕರ ಉಂಗುರ

ಭಾನುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಅರಬ್ ನಾಡಿನ ಯಾನ್ಬು ಪಟ್ಟಣದ ಪೊಲೀಸ್ ಠಾಣೆಗೆ ದೂರು ಬಂತು. ದೂರುದಾರ ಎಡ್ಮಂಡ್ ಹಿಂದಿನ ದಿನವಷ್ಟೇ ಇಂಗ್ಲೆಂಡಿನಿಂದ ಬಂದಿಳಿದಿದ್ದ. ರಿಫೈನರಿ ಕೆಲಸಕ್ಕೆ ಬಂದು ಇಲ್ಲೇ ಉಳಿದಿದ್ದ ಅವನ ತಂದೆ ಲಾರ್ಡ್ ಹ್ಯಾವೆನ್‌ಬ್ರೂಕ್ ಗುರುವಾರ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಅವರ ಬೆರಳಲ್ಲಿ ಸದಾ ಇರುತ್ತಿದ್ದ, ಜಿಂಕೆ ಮುದ್ರೆಯ ಉಂಗುರ ಕಾಣೆಯಾಗಿತ್ತು. ಮನೆತನದಲ್ಲಿ ಲಾರ್ಡ್ ಆದವನು ಮಾತ್ರ ತೊಡುವಂಥದ್ದು. ಈಗ ಅದು ತನ್ನದು ಎಂದ ಎಡ್ಮಂಡ್.

"ಅನುಮಾನ ಯಾರ ಮೇಲೆ?"

"ಡ್ರೈವರ್ ಮೇಲೆ."

ಇನ್‌ಸ್ಪೆಕ್ಟರ್ ನಬೀಲ್ ದೂರು ದಾಖಲಿಸಿಕೊಂಡ. ಡ್ರೈವರ್ ಸಾಂತಪ್ಪ ಶೆಟ್ಟಿ ಕಾರ್ಕಳದ ಕಡೆಯವನು. ಕೆಲಸ ಮುಗಿಸಿ ಖಾಯಂ ಆಗಿ ಊರಿಗೆ ಹೊರಟಿದ್ದ; ಬರುವ ಬುಧವಾರದ ಟಿಕೆಟು ಕೈಯಲ್ಲಿತ್ತು. ಕೇಸು ತೀರದೆ ಅವನಿನ್ನು ದೇಶ ಬಿಡುವಂತಿರಲಿಲ್ಲ.

ಆಸ್ಪತ್ರೆಯ ನರ್ಸ್ ವಸಂತಿ ಮಂಗಳೂರಿನವಳು. ದುಭಾಷಿಯಾಗಿ ಬಂದಿದ್ದ ಭಟ್ಕಳದ ಅಂಗಡಿಕಾರ ಫವಾಝ್ ಎದುರು ಹೇಳಿಕೆ ಕೊಟ್ಟಳು: "ಬುಧವಾರ ಸಂಜೆ ಅವರ ಬೆರಳು ಊದಿತ್ತು. 'ತೆಗಿ' ಅಂತ ಅವರೇ ಹೇಳಿದ್ದು. ಸಾಂತಪ್ಪಣ್ಣ ತೆಂಗಿನೆಣ್ಣೆ ಹಚ್ಚಿ ಮೆಲ್ಲ ತೆಗೆದ್ರು."

ಹನ್ನೊಂದೂವರೆಗೆ ಸಾಂತಪ್ಪನ ವಿಚಾರಣೆ.

"ಉಂಗುರ ಎಲ್ಲಿ?"

"ಕೊಡ್ಬೇಕಾದವರಿಗೆ ಕೊಟ್ಟಾಯ್ತು ಸಾರ್."

"ಯಾರಿಗೆ?"

"ಹ್ಯೂಗೋ ಸಾಯ್ಬರಿಗೆ. ದೊರೆಗಳ ಅಕ್ಕನ ಮಗ."

ಅನುವಾದಿಸುವ ಮೊದಲೇ ಫವಾಝ್ ಹಣೆ ಚಚ್ಚಿಕೊಂಡ. "ಎಂತ ಮಾರಾಯ! ಸ್ವಂತ ಮಗ ಇರುವಾಗ?"

"ಮಗನಿಗೆ ಆಸ್ತಿ ಉಂಟಲ್ಲ. 'ನನ್ನ ನಂತರ ಪಟ್ಟಕ್ಕೆ ಬರುವವನಿಗೆ ಕೊಡು' ಅಂತ ದೊರೆ ಹೇಳಿದ್ದು. ಪಟ್ಟ ಅಕ್ಕನ ಮಗನಿಗೇ ಅಲ್ವಾ? ನಮ್ಮ ಗುತ್ತಿನಲ್ಲಿ ಮಾವನ ನಂತರ ನನ್ನ ಅಣ್ಣ ಕೂತದ್ದು."

ಗುತ್ತು ಎಂದರೆ ತುಳುನಾಡಿನ ದೊಡ್ಡ ಮನೆತನ, ಅದರ ಯಜಮಾನಿಕೆ ತಾಯಿಯ ಕಡೆಯಿಂದ ಇಳಿಯುತ್ತದೆ ಎಂದು ಫವಾಝ್ ವಿವರಿಸಿದ. ನಬೀಲ್ ಚಹಾದ ಲೋಟ ಪಕ್ಕಕ್ಕಿಟ್ಟು ಮುಂದಕ್ಕೆ ಬಾಗಿದ.

"ಇಂಗ್ಲೆಂಡಿನಲ್ಲೂ ಹಾಗೆಯೇ?"

"ಇಲ್ಲ. ನಿಮ್ಮ ಹಾಗೆ, ತಂದೆಯಿಂದ ಮಗನಿಗೆ," ಎಂದ ಫವಾಝ್.

"ಹತ್ತೊಂಬತ್ತು ವರ್ಷ ಜೊತೆಗಿದ್ದವನಿಗೆ ಇದು ತಿಳಿಯಲಿಲ್ಲವೇ?"

"ಇದನ್ನೂ ಕೇಳ್ಬೇಕಾ ಸಾರ್?" ಸಾಂತಪ್ಪನಿಗೇ ಆಶ್ಚರ್ಯವಾಗಿತ್ತು. "ಮಗ ಒಂದು ಸಲವೂ ಬರ್ಲಿಲ್ಲ. ಅಕ್ಕನ ಮಗ ಪ್ರತಿ ಶುಕ್ರವಾರ ಬಂದು ದೊರೆಗಳ ಹತ್ರ ಕೂರ್ತಿದ್ರು. ಪಟ್ಟಕ್ಕೆ ಬರುವವರು, ಅದಕ್ಕೇ ಬರೋದು ಅಂತ ನಾನೆಣಿಸಿದ್ದು."

ಯಾನ್ಬುವಿನಲ್ಲೇ ಶಾಲಾ ಶಿಕ್ಷಕನಾಗಿದ್ದ ಹ್ಯೂಗೋನನ್ನು ಮಧ್ಯಾಹ್ನ ಕರೆಸಲಾಯಿತು.

"ನನಗೆ ಯಾರೂ ಏನೂ ಕೊಟ್ಟಿಲ್ಲ," ಎಂದ ಅವನು, ನೆಲ ನೋಡುತ್ತಾ.

ಸಾಂತಪ್ಪನನ್ನು ಲಾಕಪ್ಪಿಗೆ ಹಾಕಿದರು. "ದುಃಖದಲ್ಲಿ ಮರ್ತಿರ್ಬೇಕು ಪಾಪ," ಎಂದನೇ ಹೊರತು ಅವನು ಬಯ್ಯಲಿಲ್ಲ. ಆ ಮಾತು ನಬೀಲನನ್ನು ಕಾಡಿತು. ಕಳ್ಳನಾದರೆ ಎದುರಿನವನನ್ನು ಇಷ್ಟು ಸುಲಭಕ್ಕೆ ಬಿಡುತ್ತಾನೆಯೇ? ಸೋಮವಾರ ಬೆಳಿಗ್ಗೆ ಅವನು ವಸಂತಿಯನ್ನು ಮತ್ತೆ ಕರೆಸಿದ.

"ಉಂಗುರ ತೆಗೆದ ಮೇಲೆ ಸಾಂತಪ್ಪ ಎಲ್ಲಿಗೆ ಹೋದ?"

"ಹೊರಗೆ ಕಾರಿಡಾರಿಗೆ. ಅಲ್ಲಿ ಹ್ಯೂಗೋ ಇದ್ರು. ಎರಡೂ ಕೈಯಲ್ಲಿ ಏನೋ ಕೊಟ್ಟು, ಕೈ ಮುಗಿದ್ರು. ಅವರು ಗೋಡೆ ಹಿಡ್ಕೊಂಡು ಅತ್ರು. ಮಾವ ಹೋಗ್ತಾರಲ್ಲ ಅಂತ ಅಳೋದು ಅಂದ್ಕೊಂಡೆ."

ಸಂಜೆ ನಾಲ್ಕಕ್ಕೆ ಹ್ಯೂಗೋನ ಮನೆ ಶೋಧಿಸಲಾಯಿತು. ಉಂಗುರವನ್ನು ಬಚ್ಚಿಟ್ಟಿರಲೇ ಇಲ್ಲ. ಪುಸ್ತಕದ ಕಪಾಟಿನ ಮೇಲೆ, ವಯಸ್ಸಾದ ಹೆಂಗಸೊಬ್ಬಳ ಫೋಟೊದ ಮುಂದೆ ಇಟ್ಟಿತ್ತು. ಜಿಂಕೆಯ ಕೊಂಬಿನ ಸಂದಿನಲ್ಲಿ ಇನ್ನೂ ತೆಂಗಿನೆಣ್ಣೆಯ ಜಿಡ್ಡಿತ್ತು. ಇಬ್ಬರು ಸಾಕ್ಷಿಗಳ ಎದುರು ಪಂಚನಾಮೆ ಬರೆದು ಹ್ಯೂಗೋನನ್ನು ಬಂಧಿಸಿದರು. ಸಾಂತಪ್ಪನ ಪ್ರಯಾಣದ ತಡೆ ತೆರವಾಯಿತು.

ಠಾಣೆಯ ಬಾಗಿಲಲ್ಲಿ ಅವನು ನಿಂತ. "ಹಾಗಾದ್ರೆ ತಪ್ಪು ನಂದೇ ಅಲ್ವಾ, ಫವಾಝ್ ಭಾಯಿ?"

"ಕಾರ್ಕಳದಲ್ಲಾದ್ರೆ ಅಲ್ಲ ಮಾರಾಯ. ಯಲ್ಲಾ, ಹೋಗಿ ಪೆಟ್ಟಿಗೆ ಕಟ್ಟು."

ಒಳಗೆ ಹ್ಯೂಗೋ ಹೇಳಿಕೆ ಕೊಡುತ್ತಿದ್ದ. ಅವನ ತಾಯಿ ಮನೆಯ ಮೊದಲ ಮಗು. ಅಜ್ಜ ಸತ್ತ ದಿನ ಉಂಗುರ ಅವಳ ಕಣ್ಣೆದುರೇ ತಮ್ಮನ ಕೈಗೆ ಹೋಯಿತು. ಅವಳತ್ತ ಯಾರೂ ತಿರುಗಿಯೂ ನೋಡಲಿಲ್ಲ.

"ಡ್ರೈವರ್ ಕೈ ಮುಗಿದು ಕೊಟ್ಟ. ಇದು ನನ್ನದಲ್ಲ ಅನ್ನಬೇಕಿತ್ತು. ಅವನ ಮುಖದಲ್ಲಿ ಒಂಚೂರೂ ಅನುಮಾನವಿರಲಿಲ್ಲ. ಅಮ್ಮನಿಂದ ನನಗೆ ಏನಾದರೂ ಬರಬೇಕು ಎಂದು ನಂಬಿದವನು ಅವನೊಬ್ಬನೇ. ನೀವು ಕೇಳಿದಾಗ, ಅವಳಿಂದ ಎರಡನೇ ಸಲ ಕಿತ್ತುಕೊಳ್ಳಲು ನನಗೆ ಆಗಲಿಲ್ಲ."

ನಬೀಲ್ ಅಷ್ಟನ್ನೂ ಬರೆದುಕೊಂಡ. ಆಮೇಲೆ, ಕೇಸಿಗೆ ಬೇಕಿಲ್ಲದಿದ್ದರೂ, ತಾಯಿಯ ಹೆಸರೇನೆಂದು ಕೇಳಿದ.