ಕಣಜದ ತಳದ ಮಾಂತ್ರಿಕ

ಬಹಳ ಹಿಂದೆ, ಹಾವು ಹದ್ದುಗಳು ಮನುಷ್ಯರೊಡನೆ ಮಾತಾಡುತ್ತಿದ್ದ ಕಾಲದಲ್ಲಿ, ತೆನೆಗೇರಿ ಎಂಬ ರಾಜ್ಯವಿತ್ತು. ಅದರ ದೊರೆ ಬಿಜ್ಜರಸ. ಅವನಿಗೆ ತಾಯಿಯಿಲ್ಲದ ಒಬ್ಬಳೇ ಮಗಳು, ಮಲ್ಲಾಜಿ. ನಾಡಿಗೆಲ್ಲ ಬೇಕಾದ ಬಿತ್ತನೆಯ ಜೋಳ ಅರಮನೆಯ ಕಣಜದಲ್ಲಿತ್ತು. ಒಂದು ದಿನ ಆ ಕಣಜಕ್ಕೆ ಸೊಂಡಿಲಯ್ಯನೆಂಬ ಮಾಂತ್ರಿಕ ಹೊಕ್ಕ. ಕಾಳು ಕೊರೆಯುವ ಹುಳಗಳಿಗೆಲ್ಲ ಅವನೇ ಒಡೆಯ, ಮೈ ಆನೆಯಷ್ಟು. ಮಳೆಗಾಲದೊಳಗೆ ಅವನನ್ನು ತೊಲಗಿಸದಿದ್ದರೆ ಬಿತ್ತಲು ಒಂದು ಕಾಳೂ ಉಳಿಯುತ್ತಿರಲಿಲ್ಲ.

ದೊರೆ ಮಹಾ ಆತುರಗಾರ. ಕಣಜಕ್ಕೆ ವಿಷದ ಹೊಗೆ ಹಾಕಿಸಿದ. ಗುಬ್ಬಿಗಳು ಸತ್ತವು, ಪಾಪ, ಬೆಕ್ಕುಗಳೂ ಸತ್ತವು. ಸೊಂಡಿಲಯ್ಯ ಸೀನಿದ, ಅಷ್ಟೇ. ಉಳಿದ ಹುಳಗಳು ಆ ಹೊಗೆಯನ್ನೇ ಉಂಡು ಇನ್ನಷ್ಟು ಬಲಿತವು. ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟವರ ಪಾಡಾಯಿತು ದೊರೆಯದು.

“ಇನ್ನ ನಾ ನೋಡ್ಕೋತೀನಿ ಅಪ್ಪಾಜಿ,” ಎಂದು ಮಲ್ಲಾಜಿ ಸೆರಗು ಬಿಗಿದಳು.

ಜೋಳವನ್ನೆಲ್ಲ ಬಂಡಿಗಳಲ್ಲಿ ಸೂರ್ಯನ ಬಂಡೆಗೆ ಸಾಗಿಸಿದಳು. ಅಲ್ಲಿ ಬೆಂಕಿರೆಕ್ಕೆಯ ಹದ್ದು ಕಾವಲಿತ್ತು. “ಕಾಳು ಒಣಗಿ ಹಲ್ಲಿಗೆ ಕಟಕ್ ಅನ್ನೋ ತನಕ ಬರಿಗಾಲಾಗ ನಿಂತು ಕೈಯಾಡಿಸ್ತೀಯೇನು?” ಎಂದಿತು. ಅಂಗಾಲು ಬೊಬ್ಬೆ ಎದ್ದರೂ ಅವಳು ಕದಲಲಿಲ್ಲ. ಕಾಳು ಕಟಕ್ ಎಂದಿತು. ಒಳಗಿನ ಹುಳಗಳು ಬಿಸಿಲಿಗೆ ಸುಟ್ಟು ಉದುರಿದವು. ಹುಳಗಳ ಬಲವೇ ಅವನ ಬಲ; ಅತ್ತ ಕಣಜದಲ್ಲಿ ಸೊಂಡಿಲಯ್ಯ ಕುಗ್ಗಿ ಎಮ್ಮೆಯಷ್ಟಾದ.

ಮುಂದೆ ಬೇವಿನ ಕಾಡು. ಅಲ್ಲಿ ಕರಿನಾಗರ ಹೆಡೆಯೆತ್ತಿತು. “ಎಲಿ ತಗೋ. ಕೊಂಬಿ ಮುರಿದ್ರ ಕಚ್ತೀನಿ!” ರೆಂಬೆ ನೋಯದಂತೆ ಒಂದೊಂದೇ ಎಲೆ ಬಿಡಿಸಿ, ನೆರಳಲ್ಲಿ ಒಣಗಿಸಿ, ತಣಿದ ಕಾಳಿಗೆ ಬೆರೆಸಿದಳು. ಸೊಂಡಿಲಯ್ಯ ಎಳ್ಳುಕಾಳಿನಷ್ಟಾದ.

ಆದರೂ ಸಾಯಲಿಲ್ಲ! ಮಲ್ಲಾಜಿ ಕಣಜದಲ್ಲಿ ಇಣುಕಿದಳು. ಕಣಜ ಬರಿದಾಗಬಾರದೆಂದು ತಳದಲ್ಲಿ ಒಂದು ಹಿಡಿ ಹಳೆಯ ಜೋಳ ಬಿಡುವುದು ಆ ನಾಡಿನ ಪದ್ಧತಿ. ಆ ಹಿಡಿಯೊಳಗೇ ಅವನು ಅಡಗಿದ್ದ. “ಆ ಕಾಳು ತಂದು ಸುರಿ, ಹಸಿವಾಗೈತಿ,” ಎಂದು ನಕ್ಕ.

ಅವಳು ಪೊರಕೆ ಎತ್ತಿದಾಗ ದೊರೆ ಅಡ್ಡ ಬಂದ. “ಬ್ಯಾಡ ಮಗಳ! ಬರಿ ಕಣಜ ಅರಮನಿಗೆ ಕೇಡು. ಅದು ನಿಮ್ಮವ್ವ ಕೈಯಾರೆ ಇಟ್ಟು ಹೋದ ಹಿಡಿ.”

“ಅವ್ವ ಇಟ್ಟಿದ್ದು ಜ್ವಾಳ, ಅಪ್ಪಾಜಿ. ಈಗ ಅಲ್ಲಿರೋದು ಹುಳ. ಕೇಡು ಬಂದ್ರ ನನಗ ಬರಲಿ, ನಾಡಿಗೆ ಬ್ಯಾಡ.”

ಕಣಜಕ್ಕಿಳಿದಳು. ಆಗ ಸೊಂಡಿಲಯ್ಯ ಸತ್ತ ರಾಣಿಯ ದನಿ ತೆಗೆದ: “ಮಲ್ಲೂ, ನನ್ನ ಹೊರಗ ಹಾಕ್ತೀಯಾ ಕೂಸೆ?” ಎಷ್ಟು ವರ್ಷವಾಗಿತ್ತು ಆ ದನಿ ಕೇಳಿ! ಮಲ್ಲಾಜಿಯ ಕಣ್ಣೀರು ಧಾರೆಯಾಗಿ ಇಳಿಯಿತು. ಆದರೆ ಪೊರಕೆ ನಿಲ್ಲಲಿಲ್ಲ. ಮೂಲೆ, ಸಂದು, ಬಿರುಕು, ಎಲ್ಲವನ್ನೂ ಗುಡಿಸಿ ಅಂಗಳಕ್ಕೆ ಚೆಲ್ಲಿದಳು. ಅರಮನೆಯ ಹೇಂಟೆಗೆ ಮಾಯೆಯೂ ಗೊತ್ತಿಲ್ಲ, ಮಂತ್ರವೂ ಗೊತ್ತಿಲ್ಲ. ಸೊಂಡಿಲಯ್ಯನನ್ನು ಕುಕ್ಕಿ ನುಂಗಿ, ಕೊಕ್ಕು ಒರೆಸಿಕೊಂಡು ಮುಂದೆ ಹೋಯಿತು.

ದೊರೆ ಬರಿದಾದ ಕಣಜ ನೋಡಿದ. ಅಳುವ ಮಗಳನ್ನು ತಬ್ಬಿಕೊಂಡ. “ನಿಮ್ಮವ್ವ ಇದ್ದಿದ್ರ ತಾನೂ ಪೊರಕಿ ಹಿಡೀತಿದ್ದಳು, ಮಗಳ,” ಎಂದ. ಮಳೆ ಬಂತು, ಬಿತ್ತನೆಯಾಯಿತು. ಸುಗ್ಗಿಯಲ್ಲಿ ತೆನೆಗೇರಿಯವರು ಬಿಸಿ ರೊಟ್ಟಿ ಉಂಡು ನೂರು ಕಾಲ ಸುಖವಾಗಿದ್ದರು. ಈ ಕತೆ ಕೇಳಿದವರ ಮನೆಯ ಕಾಳಿಗೂ ಹುಳ ಹತ್ತದಿರಲಿ.